ಕಂಪನಿ ಕಳಕೊಂಡ ಆಟ, ಹವ್ಯಾಸಿಗಳು ಕಾದಿಟ್ಟ ಡಿಸ್ಕ್

ಅಂಗಡಿಕಾರ ತನ್ನದೇ ಮಾಲಿನ ಅಸಲು ಪಟ್ಟಿ ಕಳೆದುಕೊಂಡು, ಗಿರಾಕಿಗಳ ಮನೆ ಬಾಗಿಲಿಗೆ ಹೋಗಿ, ‘ನೀವು ಒಯ್ದಿದ್ದರಲ್ಲ, ಅದರಾಗ ಏನೇನಿತ್ತು ಸ್ವಲ್ಪ ಹೇಳ್ರಿ’ ಎಂದು ಕೇಳಿದರೆ ಹೇಗಿರುತ್ತದೆ? ಜಪಾನಿನ ಹೆಸರಾಂತ ವಿಡಿಯೋ ಗೇಮ್ ಕಂಪನಿ ಸ್ಕ್ವೇರ್ ಎನಿಕ್ಸ್‌ಗೆ ಹೆಚ್ಚೂ ಕಡಿಮೆ ಅದೇ ಗತಿ ಬಂದಿತ್ತು.

1997ರಲ್ಲಿ ಬಂದ ‘ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್’ ಎಂಬ ಆಟವನ್ನು ಹೊಸ ಯಂತ್ರಗಳಿಗೆ ಒಗ್ಗಿಸಿ ಮತ್ತೆ ಮಾರಬೇಕೆಂದು ಕಂಪನಿ ಹೊರಟಾಗ, ಮೂಲ ಆಟದ ಸೋರ್ಸ್ ಕೋಡ್ ಕಚೇರಿಯಲ್ಲಿ ಇರಲೇ ಇಲ್ಲ. ಮಾಸ್ಟರ್ ಡೇಟಾ ಕೂಡ ಇಲ್ಲ. ಈ ಸಂಗತಿಯನ್ನು 2025ರಲ್ಲಿ ಬಹಿರಂಗವಾಗಿ ಹೇಳಿದವರು ಹೊಸ ಆವೃತ್ತಿಯ ನಿರ್ದೇಶಕ ಕಜುತೊಯೊ ಮಾಯೆಹಿರೊ. ಮೂಲ ಆಟದ ತಯಾರಿಕೆಯಲ್ಲೂ ಇದ್ದವರು ಇವರು. ಕೊನೆಗೆ ಮಾಡಿದ್ದೇನು? ಮಾರಾಟವಾಗಿದ್ದ ಹಳೆಯ ಆವೃತ್ತಿಗಳನ್ನೇ ಇಟ್ಟುಕೊಂಡು ಆಡಿ, ಒಂದೊಂದಾಗಿ ತಾಳೆ ನೋಡಿ, ವರ್ಷಾನುಗಟ್ಟಲೆ ಅಭಿಮಾನಿಗಳು ಬರೆದಿಟ್ಟಿದ್ದ ಮಾಹಿತಿಯನ್ನೂ ಆಧಾರ ಮಾಡಿಕೊಂಡು ಆಟವನ್ನು ಬುಡದಿಂದ ಕಟ್ಟಿದರು. ‘ದಿ ಇವಾಲಿಸ್ ಕ್ರಾನಿಕಲ್ಸ್’ ಎಂಬ ಉಪನಾಮದೊಂದಿಗೆ ಅದು 2025ರ ಸೆಪ್ಟೆಂಬರ್ 30ರಂದು ಮಾರುಕಟ್ಟೆಗೆ ಬಂತು.

ಇದೇನು ಒಂದೇ ಪ್ರಸಂಗವಲ್ಲ. ಅದೇ ಕಂಪನಿಯ 2002ರ ‘ಕಿಂಗ್‌ಡಮ್ ಹಾರ್ಟ್ಸ್’ ಆಟದ ಮೂಲ ಸಾಮಗ್ರಿಯೂ ಕಳೆದುಹೋಗಿ, 2013ರ ಹೊಸ ಆವೃತ್ತಿಗೆ ಬಹಳಷ್ಟನ್ನು ಮತ್ತೆ ಮಾಡಬೇಕಾಯಿತು. ಆ ಕಾಲದಲ್ಲಿ ಆಟ ಮಾರಾಟವಾಯಿತೆಂದರೆ ಕೆಲಸ ಮುಗೀತು. ಮುಂದೆ ಮೂವತ್ತು ವರ್ಷಕ್ಕೆ ಇದು ಬೇಕಾದೀತು ಎಂದು ಯಾರೂ ಎಣಿಸಿರಲಿಲ್ಲ.

ಎಣಿಸಿದವರು ಬೇರೆಯವರೇ ಇದ್ದರು. ಹಳೆಯ ಡಿಸ್ಕು, ಅದರ ಪ್ಲಾಸ್ಟಿಕ್ ಡಬ್ಬಿ, ಒಳಗಿನ ಪುಸ್ತಿಕೆ ಸಮೇತ ಜೋಪಾನ ಮಾಡಿ ಇಟ್ಟುಕೊಂಡವರು. ಜನ ಇವರನ್ನು ನೋಡಿ ‘ದುಡ್ಡು ಹೆಚ್ಚಾಗೇತಿ’ ಎಂದು ನಕ್ಕಿದ್ದೇ ಹೆಚ್ಚು.

ಏನಿದು ಆಟ?

ನಮ್ಮ ಕಡೆ ಮರಾಠಿ ಮಂದಿ ‘ಬುದ್ಧಿಬಳ’ ಎನ್ನುವ, ಕನ್ನಡದವರು ಚದುರಂಗ ಎನ್ನುವ ಆಟವನ್ನೇ ಮನಸ್ಸಿಗೆ ತಂದುಕೊಳ್ಳಿ. ಅದರ ಪ್ರತಿ ಕಾಯಿಗೂ ಒಂದು ಹೆಸರು, ಒಂದು ಕಸುಬು, ಒಂದು ಜನ್ಮರಾಶಿ ಇದೆ ಅನ್ನಿ. ಇವತ್ತಿನ ಆಟದಲ್ಲಿ ಕಾದಾಡಿದ ಕಾಯಿ ನಾಳಿನ ಆಟಕ್ಕೆ ಇನ್ನಷ್ಟು ಕಲಿತು ಬರುತ್ತದೆ. ಸತ್ತರೆ ಮಾತ್ರ ಹೋಯಿತು, ಮತ್ತೆ ಮಣೆ ಮೇಲೆ ಬರುವುದಿಲ್ಲ. ಇದಕ್ಕೆ ಇಂಗ್ಲಿಷಿನಲ್ಲಿ ಟ್ಯಾಕ್ಟಿಕಲ್ ರೋಲ್ ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ಕೈಚಳಕದ ಆಟವಲ್ಲ ಇದು. ಬಟನ್ ಜೋರಾಗಿ ಒತ್ತಿದವ ಗೆಲ್ಲುವುದಿಲ್ಲ, ವಿಚಾರ ಮಾಡಿದವ ಗೆಲ್ಲುತ್ತಾನೆ.

‘ಟ್ಯಾಕ್ಟಿಕ್ಸ್’ನ ಮಣೆ ಸಪಾಟಾಗಿಲ್ಲ. ಮನೆಯ ಮಾಳಿಗೆ, ಗುಡ್ಡ, ಹಳ್ಳ, ಕೋಟೆಯ ಮೆಟ್ಟಿಲು ಎಲ್ಲ ಇವೆ. ಎತ್ತರದಲ್ಲಿ ನಿಂತ ಬಿಲ್ಲುಗಾರನ ಬಾಣ ದೂರ ಹೋಗುತ್ತದೆ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ‘ಡಾರ್ಟರ್’ ಎಂಬ ಪೇಟೆಯ ಓಣಿಯಲ್ಲಿ ಒಂದು ಕಾಳಗ ಬರುತ್ತದೆ. ಮಾಳಿಗೆ ಮೇಲಿನ ಬಿಲ್ಲುಗಾರರು ಕೆಳಗಿದ್ದವರನ್ನು ಒಬ್ಬೊಬ್ಬರನ್ನಾಗಿ ಕೆಡವುತ್ತಾರೆ. ಹೊಸಬರು ಇಲ್ಲಿ ಸೋತು ಪಾಠ ಕಲಿಯುವುದು ವಾಡಿಕೆ.

ಸುಮಾರು 20 ಕಸುಬುಗಳಿವೆ. ಮೊದಲು ಸಾದಾ ಸಿಪಾಯಿ ಮತ್ತು ಔಷಧ ಕೊಡುವವ, ಇವೆರಡೇ. ಅದರಲ್ಲಿ ಪಳಗಿದರೆ ಸರದಾರ, ಮಾಂತ್ರಿಕ, ಕಳ್ಳ, ಸಮುರಾಯ್, ನಿಂಜಾ ಹೀಗೆ ದಾರಿ ತೆರೆಯುತ್ತದೆ. ಒಂದು ಕಸುಬಿನಲ್ಲಿ ಕಲಿತ ವಿದ್ಯೆಯನ್ನು ಇನ್ನೊಂದಕ್ಕೆ ಒಯ್ಯಬಹುದು ಎಂಬುದೇ ಇದರ ರುಚಿ. ಲೆಕ್ಕ ಹಾಕಿ ಮಂತ್ರ ಹೊಡೆಯುವ ‘ಕ್ಯಾಲ್ಕುಲೇಟರ್’ ಎಂಬ ಕಸುಬೂ ಇದೆ. ಎತ್ತರ, ಅನುಭವದ ಮಟ್ಟ ಇತ್ಯಾದಿ ಮೂರರಿಂದ ಅಥವಾ ನಾಲ್ಕರಿಂದ ಭಾಗವಾಗುವವರ ಮೇಲೆಲ್ಲ ಒಮ್ಮೆಲೇ ಮಂತ್ರ ಬೀಳುತ್ತದೆ, ವೈರಿ ಎನ್ನದೆ ಸ್ವಂತದವರು ಎನ್ನದೆ! ಕಾಮರ್ಸ್ ಓದಿದವರಿಗೆ ಇಷ್ಟು ಮರ್ಯಾದೆ ಕೊಟ್ಟ ಯುದ್ಧದ ಆಟ ಇನ್ನೊಂದಿರಲಿಕ್ಕಿಲ್ಲ.

ರಾಶಿ ಕೂಡುವ ಲೆಕ್ಕವೂ ಇದರಲ್ಲಿ ಇದೆ. ಹೊಡೆಯುವವನ ರಾಶಿಗೂ ಹೊಡೆತ ತಿನ್ನುವವನ ರಾಶಿಗೂ ಕೂಡಿದರೆ ಪೆಟ್ಟು ಜೋರು, ಕೂಡದಿದ್ದರೆ ಹಗುರ. ಇನ್ನು ‘ಫೇಯ್ತ್’ ಅಂದರೆ ಶ್ರದ್ಧೆ. ಅದು ಹೆಚ್ಚಿದ್ದವನ ಮಂತ್ರಕ್ಕೆ ಬಲ ಹೆಚ್ಚು, ಅವನ ಮೇಲೆ ಬೀಳುವ ಮಂತ್ರಕ್ಕೂ ಬಲ ಹೆಚ್ಚು. ಅತಿಯಾಯಿತೋ, ಆ ಸಿಪಾಯಿ ‘ನನಗೆ ಯುದ್ಧ ಸಾಕು, ದೇವರ ದಾರಿ ಹಿಡಿಯುತ್ತೇನೆ’ ಎಂದು ಸೈನ್ಯ ಬಿಟ್ಟೇ ಹೋಗುತ್ತಾನೆ. ಕೆಳಗೆ ಬಿದ್ದವನನ್ನು ಅವನ ಮೂರು ಸರದಿಯೊಳಗೆ ಎಬ್ಬಿಸದಿದ್ದರೆ ಹರಳಾಗಿಯೋ ಪೆಟ್ಟಿಗೆಯಾಗಿಯೋ ಮಾರ್ಪಟ್ಟು ಶಾಶ್ವತವಾಗಿ ಇಲ್ಲವಾಗುತ್ತಾನೆ. ಇಪ್ಪತ್ತು ತಾಸು ಸಾಕಿ ಬೆಳೆಸಿದ ಸಿಪಾಯಿ ಹೀಗೆ ಹೋದರೆ ಆಡುವವರ ಹೊಟ್ಟೆ ಚುರ್ ಎನ್ನದೆ ಇದ್ದೀತೆ?

ಹುಡುಗರ ಕಥೆಯಲ್ಲ

ಆಟದ ನಿರ್ದೇಶಕ ಯಸುಮಿ ಮತ್ಸುನೊ. ಸ್ಕ್ವೇರ್‌ಗೆ ಬರುವ ಮೊದಲು ಕ್ವೆಸ್ಟ್ ಎಂಬ ಸಣ್ಣ ಕಂಪನಿಯಲ್ಲಿದ್ದು 1995ರಲ್ಲಿ ‘ಟ್ಯಾಕ್ಟಿಕ್ಸ್ ಓಗರ್’ ಮಾಡಿದವರು. ಯುಗೊಸ್ಲಾವಿಯಾ ಒಡೆದು ಅಣ್ಣ ತಮ್ಮಂದಿರಂತಿದ್ದವರು ಕಾದಾಡಿದ್ದನ್ನು ಕಂಡು ಆ ಕಥೆ ಹುಟ್ಟಿತ್ತು. ‘ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್’ಗೆ ಆಧಾರವಾದದ್ದು ಇಂಗ್ಲೆಂಡಿನಲ್ಲಿ 15ನೇ ಶತಮಾನದಲ್ಲಿ ಎರಡು ರಾಜಮನೆತನಗಳ ನಡುವೆ ನಡೆದ ‘ಗುಲಾಬಿಗಳ ಯುದ್ಧ’. ಆಟದಲ್ಲಿ ಅದು ಬಿಳಿ ಸಿಂಹ, ಕರಿ ಸಿಂಹಗಳ ಯುದ್ಧವಾಗಿದೆ.

ಇವಾಲಿಸ್ ಎಂಬ ರಾಜ್ಯದಲ್ಲಿ ಅರಸ ಸಾಯುತ್ತಾನೆ, ವಾರಸುದಾರ ಇನ್ನೂ ಕೂಸು. ಇಬ್ಬರು ದೊರೆಗಳು ಅಧಿಕಾರಕ್ಕೆ ಜಗಳ ತೆಗೆಯುತ್ತಾರೆ. ಇದಕ್ಕೂ ಮೊದಲು ಐವತ್ತು ವರ್ಷ ನಡೆದ ಯುದ್ಧದಲ್ಲಿ ದುಡಿದ ಸಿಪಾಯಿಗಳಿಗೆ ಪಗಾರವಿಲ್ಲ, ಊರಿಗೆ ಹೋದರೆ ಹೊಟ್ಟೆಗಿಲ್ಲ. ಅವರಲ್ಲಿ ಕೆಲವರು ದಂಗೆ ಏಳುತ್ತಾರೆ. ಕಥೆಯ ನಾಯಕ ರಾಮ್ಜಾ ದೊಡ್ಡ ಮನೆತನದ ಕಿರಿಯ ಮಗ. ಅವನ ಗೆಳೆಯ ಡೆಲಿಟಾ ಅದೇ ಮನೆಯಲ್ಲಿ ಬೆಳೆದರೂ ಕೆಳವರ್ಗದವ. ಡೆಲಿಟಾನ ತಂಗಿಯನ್ನು ದಂಗೆಕೋರರು ಒತ್ತೆ ಹಿಡಿದಾಗ, ರಾಮ್ಜಾನ ಸ್ವಂತ ಅಣ್ಣನ ಆಜ್ಞೆಯಂತೆ ಆಕೆಯ ಮೇಲೇ ಬಾಣ ಬಿಡಲಾಗುತ್ತದೆ. ಬಡವರ ಹುಡುಗಿ, ಯಾರು ಕೇಳುತ್ತಾರೆ! ಅಲ್ಲಿಂದ ಇಬ್ಬರು ಗೆಳೆಯರ ದಾರಿ ಬೇರೆಯಾಗುತ್ತದೆ. ಒಬ್ಬ ಎಲ್ಲರನ್ನೂ ಉಪಯೋಗಿಸಿಕೊಂಡು ಮೇಲೇರುತ್ತಾನೆ, ಇನ್ನೊಬ್ಬ ಸತ್ಯದ ಬೆನ್ನು ಹತ್ತಿ ಧರ್ಮದ್ರೋಹಿ ಎನಿಸಿಕೊಳ್ಳುತ್ತಾನೆ.

ಇಡೀ ಕಥೆಯನ್ನು ಹೇಳುವವ 400 ವರ್ಷ ತರುವಾಯದ ಒಬ್ಬ ಇತಿಹಾಸಕಾರ. ಜನ ಡೆಲಿಟಾನನ್ನು ವೀರ ಎಂದು ಹಾಡಿ ಹೊಗಳಿದ್ದಾರೆ, ರಾಮ್ಜಾನ ಹೆಸರು ದಾಖಲೆಯಲ್ಲಿ ಅಳಿದುಹೋಗಿದೆ. ನಿಜ ಬರೆದಿಟ್ಟವನನ್ನು ಧರ್ಮಪೀಠದವರು ಜೀವಂತ ಸುಟ್ಟು ಆ ಕಾಗದಗಳನ್ನು ಮುಚ್ಚಿಟ್ಟಿದ್ದರು. ಅವು ಹೊರಬಂದಾಗ ಕಥೆ ತಿಳಿಯುತ್ತದೆ. ಮೂಲ ಕಾಗದ ಕಳೆದುಹೋದರೆ ಇತಿಹಾಸವೇ ತಪ್ಪಾಗುತ್ತದೆ ಎಂದು ಹೇಳುವ ಆಟದ ಮೂಲವೇ ಕಳೆದುಹೋಗಿದ್ದು ವಿಧಿಯ ಚೇಷ್ಟೆ ಎನ್ನಬೇಕು. ಊರೂರು ತಿರುಗಿ ವಚನಗಳ ತಾಡೋಲೆ ಕೂಡಿಸಿದ ಫ.ಗು. ಹಳಕಟ್ಟಿ ಅವರ ವಿಜಾಪುರಕ್ಕೆ ನೆರೆಯವರಾದ ಇಲ್ಲಿಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಕಿಹಿಕೊ ಯೊಶಿದಾ ಬರೆದ ಮೂಗಿಲ್ಲದ ಪುಟ್ಟ ಬೊಂಬೆಯಂಥ ಪಾತ್ರಗಳು, ಹಿತೋಶಿ ಸಕಿಮೊತೊ ಮತ್ತು ಮಸಹರು ಇವಾತಾ ಕೊಟ್ಟ ಸಂಗೀತ, ಇವುಗಳ ಮೋಹವೂ ಕಡಿಮೆಯದಲ್ಲ. ಬೊಂಬೆಯಂಥ ಮುಖದವರು ಇಷ್ಟು ಕಠೋರ ಮಾತಾಡುವುದೇ ಒಂದು ವಿಚಿತ್ರ ಪರಿಣಾಮ.

ಒಂದರಲ್ಲಿದ್ದದ್ದು ಇನ್ನೊಂದರಲ್ಲಿಲ್ಲ

ಹಾಗಿದ್ದರೆ ಹೊಸ ಆವೃತ್ತಿ ಬಂತಲ್ಲ, ಇನ್ನು ಹಳೆಯ ಡಿಸ್ಕಿಗೆ ಏನು ಕಿಮ್ಮತ್ತು? ಸಂಗ್ರಾಹಕರ ಹುಚ್ಚಿಗೆ ನಿಜವಾದ ಕಾರಣ ಇಲ್ಲೇ ಇದೆ.

ಜಪಾನಿನಲ್ಲಿ 1997ರ ಜೂನ್ 20ರಂದು ಬಂದ ಮೊದಲ ಪ್ಲೇಸ್ಟೇಷನ್ ಡಿಸ್ಕಿನಲ್ಲಿ ಓದಲು ಕೆಲವು ಕಿರು ಕಥೆಗಳು ಅಡಗಿದ್ದವು. 1998ರ ಜನವರಿ ಕೊನೆಗೆ ಅಮೆರಿಕಕ್ಕೆ ಬಂದ ಇಂಗ್ಲಿಷ್ ಡಿಸ್ಕಿನಲ್ಲಿ ಅವನ್ನು ತೆಗೆದುಹಾಕಿದ್ದರು. ಆ ಇಂಗ್ಲಿಷ್ ಅನುವಾದವೋ, ಏನು ಕೇಳುತ್ತೀರಿ! ಅಲ್ಲಲ್ಲಿ ತಪ್ಪು, ಕೆಲವು ಕಡೆ ಅರ್ಥವೇ ಆಗದು. ಆಟ ಕಲಿಸುವ ಮಾಸ್ತರನ ಪಾಠವನ್ನು ಓದಿದವರು ಇವತ್ತಿಗೂ ನಗುತ್ತಾರೆ. ಆದರೆ ಅದೇ ಒರಟು ಇಂಗ್ಲಿಷಿನಲ್ಲಿ ಕಥೆ ಓದಿ ಕಣ್ಣೀರು ಹಾಕಿದ ಒಂದು ಪೀಳಿಗೆಯೇ ಇದೆ. ಯುರೋಪಿಗಂತೂ ಆ ಡಿಸ್ಕ್ ಬರಲೇ ಇಲ್ಲ.

2007ರಲ್ಲಿ ಕೈಯಲ್ಲಿ ಹಿಡಿದು ಆಡುವ ಪಿಎಸ್‌ಪಿ ಯಂತ್ರಕ್ಕೆ ‘ದಿ ವಾರ್ ಆಫ್ ದಿ ಲಯನ್ಸ್’ ಎಂಬ ಹೆಸರಿನಲ್ಲಿ ಹೊಸ ಆವೃತ್ತಿ ಬಂತು. ಜೋಸೆಫ್ ರೀಡರ್, ಟಾಮ್ ಸ್ಲಾಟರಿ ಇಬ್ಬರೂ ಇಡೀ ಕಥೆಯನ್ನು ಹಳೆಯ ಗಂಭೀರ ಇಂಗ್ಲಿಷಿಗೆ ಮತ್ತೆ ಅನುವಾದಿಸಿದರು. ಪಾತ್ರಗಳ ಹೆಸರಿನ ಕಾಗುಣಿತವೂ ಬದಲಾಯಿತು. ಚಿತ್ರಪಟದಂಥ ಹೊಸ ದೃಶ್ಯಗಳು, ಎರಡು ಹೊಸ ಕಸುಬು, ಇಬ್ಬರು ಕೂಡಿ ಆಡುವ ಸೌಲಭ್ಯ ಸೇರಿದವು. ಜತೆಗೆ ಮಂತ್ರ ಹೊಡೆಯುವಾಗೆಲ್ಲ ಆಟ ಎಳೆದಾಡುವ ದೋಷವೂ ಬಂತು.

2025ರ ಆವೃತ್ತಿಯಲ್ಲಿ ಎರಡು ಬಗೆ ಇಟ್ಟಿದ್ದಾರೆ. ಒಂದರಲ್ಲಿ ಹೊಸ ಚಿತ್ರ, ಪಾತ್ರಗಳಿಗೆ ಧ್ವನಿ, ಮತ್ಸುನೊ ಅವರೇ ತಿದ್ದಿದ ಸಂಭಾಷಣೆ. ಇನ್ನೊಂದು ‘ಕ್ಲಾಸಿಕ್’, ನೋಡಲು 1997ರ ಆಟದಂತೆಯೇ. ಆದರೆ 2007ರಲ್ಲಿ ಸೇರಿಸಿದ ಕಸುಬು, ಪಾತ್ರಗಳು ಎರಡರಲ್ಲೂ ಇಲ್ಲ. ‘ಕ್ಲಾಸಿಕ್’ನ ಇಂಗ್ಲಿಷ್ ಸಂಭಾಷಣೆ 1998ರದ್ದಲ್ಲ, 2007ರದ್ದು. ಅಂದರೆ 1998ರ ಆ ತಪ್ಪು ತಡೆಯ ಇಂಗ್ಲಿಷ್ ಬೇಕಿದ್ದವರು ಹಳೆಯ ಆವೃತ್ತಿಗೇ ಹೋಗಬೇಕು. ಸಂಪೂರ್ಣ ಎನ್ನುವ ಆವೃತ್ತಿ ಒಂದೂ ಇಲ್ಲ. ಸಂಗ್ರಾಹಕ ಮೂರನ್ನೂ ನಾಲ್ಕನ್ನೂ ಕೂಡಿಸಿ ಇಡುವುದು ಬರೀ ಶೋಕಿಗಲ್ಲ.

ಅಮೆರಿಕದ ಡಿಸ್ಕಿನಲ್ಲೂ ಎರಡು ಜಾತಿ. ಮೊದಲ ಮುದ್ರಣದ ಡಬ್ಬಿಯ ಎಡಗಡೆ ಕರಿ ಪಟ್ಟಿ, 2001ರಲ್ಲಿ ‘ಗ್ರೇಟೆಸ್ಟ್ ಹಿಟ್ಸ್’ ಎಂದು ಮರುಮುದ್ರಣವಾದದ್ದಕ್ಕೆ ಹಸಿರು ಪಟ್ಟಿ. ಮರುಮುದ್ರಣಕ್ಕೆ ಮುಂಚೆ ಆಟ ಸಿಗದೆ ಹರಾಜಿನಲ್ಲಿ ಅಂಗಡಿ ದರಕ್ಕಿಂತ ಮೇಲೆ ಹೋಗುತ್ತಿತ್ತು. ಒಳಗಿನ ಆಟ ಅದೇ ಇದ್ದರೂ ಇವತ್ತಿಗೂ ಕರಿ ಪಟ್ಟಿಗೇ ಹೆಚ್ಚು ಬೆಲೆ. ಹೆಚ್ಚು ಕೊಡಬೇಕೋ ಬೇಡವೋ ಎಂಬುದು ಕೊಳ್ಳುವವರ ಖುಷಿ. ಆಡುವುದಕ್ಕೆ ಹಸಿರು ಪಟ್ಟಿ ಧಾರಾಳ ಸಾಕು.

ಡಬ್ಬಿ ಎಸೆದ ನಮ್ಮವರು

ನಮ್ಮ ಕಡೆ ಈ ಸಂಗ್ರಹದ ಚಟ ಬೆಳೆಯದಿರಲು ಕಾರಣವಿದೆ. 1990ರ ದಶಕದಲ್ಲಿ ಟಿವಿಗೆ ಜೋಡಿಸುವ ‘ಕ್ಯಾಸೆಟ್’ ಗೇಮುಗಳು ಹಳ್ಳಿ ಪಟ್ಟಣಗಳಿಗೂ ಬಂದಿದ್ದವು. ಜಪಾನಿನ ನಿಂಟೆಂಡೊ ಯಂತ್ರದ ನಕಲುಗಳು ಅವು. ಮೇಲೆ ‘9999 ಇನ್ 1’ ಎಂದು ಬರೆದಿರುತ್ತಿತ್ತು. ಒಳಗೆ ನೋಡಿದರೆ ಅವೇ ಮಾರಿಯೋ, ಕಾಂಟ್ರಾ, ಟ್ಯಾಂಕ್ ಹೆಸರು ಬದಲಿಸಿ ಬದಲಿಸಿ ಬರುತ್ತಿದ್ದವು. ಮುಂದೆ ವಿಡಿಯೋ ಗೇಮ್ ಪಾರ್ಲರ್‌ಗಳು ಬಂದಾಗಲೂ ಅಲ್ಲಿ ತಿರುಗುತ್ತಿದ್ದ ಡಿಸ್ಕುಗಳು ಬಹುತೇಕ ನಕಲಿ. ನಕಲು ಮಾಲಿಗೆ ಡಬ್ಬಿ ಯಾಕೆ, ಪುಸ್ತಿಕೆ ಯಾಕೆ? ಕೆಟ್ಟರೆ ಎಸೆದು ಇನ್ನೊಂದು ತರುವುದು. ಅಸಲು ಪ್ಲೇಸ್ಟೇಷನ್ ಡಿಸ್ಕಿನ ಕೆಳಮೈ ಕರಿ ಬಣ್ಣದ್ದಿರುತ್ತದೆ ಎಂಬುದು ಆಡಿದವರಲ್ಲೂ ಬಹಳ ಮಂದಿಗೆ ಗೊತ್ತಿರಲಿಲ್ಲ.

ಅಸಲು ನಕಲು ಗುರುತಿಸಲು ಸಂಗ್ರಾಹಕ ಮೊದಲು ನೋಡುವುದೇ ಆ ಕರಿ ಮೈ. ಆಮೇಲೆ ಗೀರು. ಕೆಳಗಿನ ಗೀರಿಗಿಂತ ಮೇಲಿನ ಚಿತ್ರದ ಕಡೆಯ ಗೀರು ಹೆಚ್ಚು ಅಪಾಯದ್ದು, ಯಾಕೆಂದರೆ ಮಾಹಿತಿ ಕೂತ ಪದರ ಚಿತ್ರದ ಕೆಳಗೇ ಇರುತ್ತದೆ. ಕೆಳಮೈಯನ್ನು ಉಜ್ಜಿ ನುಣುಪು ಮಾಡಬಹುದು, ಮೇಲಿನದು ಕಿತ್ತರೆ ಮುಗೀತು. ಬಿಸಿಲು, ಸೆಕೆ ಎರಡೂ ಡಿಸ್ಕಿಗೆ ಆಗವು. ಸೊಲ್ಲಾಪುರದ ಮೇ ತಿಂಗಳಲ್ಲಿ ತಗಡಿನ ಮಾಳಿಗೆ ಕೆಳಗೆ ಇಟ್ಟರೆ ದೇವರೇ ಗತಿ.

ಸಂಗ್ರಾಹಕರಲ್ಲೂ ಎರಡು ಪಂಗಡ. ಒಂದು, ಸೀಲು ಒಡೆಯದೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ದರ ಏರುವುದನ್ನು ಕಾಯುವವರು. 2021ರ ಜುಲೈನಲ್ಲಿ ಅಮೆರಿಕದ ಹೆರಿಟೇಜ್ ಹರಾಜಿನಲ್ಲಿ ‘ಸೂಪರ್ ಮಾರಿಯೋ 64’ ಆಟದ ಸೀಲು ಒಡೆಯದ ಪ್ರತಿ 15.6 ಲಕ್ಷ ಡಾಲರಿಗೆ ಹೋಯಿತು. ಆಗಿನ ಲೆಕ್ಕದಲ್ಲಿ 11 ಕೋಟಿ ರೂಪಾಯಿ ಮೇಲೆ! ಅದು ಷೇರು ಪೇಟೆಯ ಬುದ್ಧಿ, ಆಟದ ಬುದ್ಧಿಯಲ್ಲ. ಇನ್ನೊಂದು ಪಂಗಡದವರು ತಂದ ಡಿಸ್ಕನ್ನು ಯಂತ್ರಕ್ಕೆ ಹಾಕಿ ಆಡುವವರು. ಟ್ಯಾಕ್ಟಿಕಲ್ ಆಟಗಳ ಸಂಗ್ರಾಹಕರಲ್ಲಿ ಇಂಥವರೇ ಹೆಚ್ಚು ಕಾಣುತ್ತಾರೆ. ಆಡಿ ನೋಡದವನಿಗೆ ಈ ಆಟದ ರುಚಿ ಡಬ್ಬಿ ನೋಡಿದರೆ ಹತ್ತುವುದಿಲ್ಲ.

ಇವರ ಪಟ್ಟಿಯಲ್ಲಿ ಬೇರೆ ಹೆಸರುಗಳೂ ಇವೆ. ಈ ಬಗೆಯ ಆಟಕ್ಕೆ ದಾರಿ ಹಾಕಿದ್ದು 1990ರಲ್ಲಿ ನಿಂಟೆಂಡೊ ಯಂತ್ರಕ್ಕೆ ಬಂದ ‘ಫೈರ್ ಎಂಬ್ಲಮ್’. ಆ ಸರಣಿಯ ‘ಥ್ರೇಸಿಯಾ 776’ 1999ರಲ್ಲಿ ಬಂತು. ಜಪಾನಿನ ಲಾಸನ್ ಅಂಗಡಿಗಳಲ್ಲಿದ್ದ ಯಂತ್ರಕ್ಕೆ ಖಾಲಿ ಕ್ಯಾಸೆಟ್ ಒಯ್ದು ಅದನ್ನು ತುಂಬಿಸಿಕೊಂಡು ಬರಬಹುದಿತ್ತು. ಸೆಗಾ ಸ್ಯಾಟರ್ನ್‌ಗೆ ಬಂದ ‘ಶೈನಿಂಗ್ ಫೋರ್ಸ್ 3’ ಮೂರು ಭಾಗದ ಕಥೆ. ಇಂಗ್ಲಿಷಿಗೆ ಬಂದದ್ದು ಮೊದಲ ಭಾಗ ಮಾತ್ರ, ಕಥೆ ನಡುವೆಯೇ ನಿಂತಿತು. ಮೂರನ್ನೂ ಕೊಂಡ ಜಪಾನಿಗರಿಗೆ ಅಂಚೆಯಲ್ಲಿ ವಿಶೇಷ ಡಿಸ್ಕ್ ಸಿಗುತ್ತಿತ್ತು. ಉಳಿದೆರಡು ಭಾಗಗಳನ್ನು ಇಂಗ್ಲಿಷಿಗೆ ತಂದವರು ಕಂಪನಿಯವರಲ್ಲ, ಅಭಿಮಾನಿಗಳೇ ಕೂತು ಮಾಡಿದ್ದು.

ಡಿಸ್ಕ್ ಇಲ್ಲದವರ ಪಾಡು

‘ಈಗೆಲ್ಲ ಡೌನ್‌ಲೋಡ್ ಕಾಲ, ಡಿಸ್ಕ್ ಯಾಕ ಬೇಕ್ರೀ’ ಎನ್ನುವವರಿಗೆ ‘ಫೈರ್ ಎಂಬ್ಲಮ್ ಫೇಟ್ಸ್’ ಒಂದು ಪಾಠ. 2016ರಲ್ಲಿ ಇಂಗ್ಲಿಷಿಗೆ ಬಂದ ಈ ಆಟದ ಕಥೆಗೆ ಮೂರು ದಾರಿ. ಎರಡನ್ನು ಅಂಗಡಿಯಲ್ಲಿ ಮಾರಿದರು. ಗುಟ್ಟೆಲ್ಲ ಬಯಲಾಗುವ ಮೂರನೆಯದನ್ನು ಹೆಚ್ಚಿನವರು ನಿಂಟೆಂಡೊದ ಆನ್‌ಲೈನ್ ಅಂಗಡಿಯಿಂದ ಇಳಿಸಿಕೊಳ್ಳಬೇಕಿತ್ತು. ಮೂರೂ ಒಂದೇ ಕಾರ್ಡಿನಲ್ಲಿ ಇದ್ದದ್ದು ಕೆಲವರಿಗಷ್ಟೇ ಸಿಕ್ಕ ‘ಸ್ಪೆಷಲ್ ಎಡಿಷನ್’ನಲ್ಲಿ. 2023ರ ಮಾರ್ಚ್‌ನಲ್ಲಿ ಆ ಯಂತ್ರದ ಆನ್‌ಲೈನ್ ಅಂಗಡಿಯ ಬಾಗಿಲು ಮುಚ್ಚಿತು. ಮೊದಲೇ ಕೊಳ್ಳದಿದ್ದವರಿಗೆ ಕಥೆಯ ಕೊನೆ ಸಿಗಬೇಕಾದರೆ ಈಗ ದುಬಾರಿಯಾದ ಆ ಕಾರ್ಡನ್ನೇ ಹುಡುಕಬೇಕು.

ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಹೊರತಂದ ಅಧ್ಯಯನದಂತೆ, ಆ ದೇಶದಲ್ಲಿ 2010ಕ್ಕಿಂತ ಮುಂಚೆ ಬಂದ ಆಟಗಳಲ್ಲಿ ಶೇ. 87ರಷ್ಟು ಈಗ ಅಂಗಡಿಯಲ್ಲಿ ಕೊಳ್ಳಲು ಸಿಗುವುದಿಲ್ಲ. ಗ್ರಂಥಾಲಯಗಳು ಇಂಥ ಹಳೆಯ ಆಟಗಳನ್ನು ಸಂಶೋಧಕರಿಗೆ ದೂರದಿಂದಲೇ ನೋಡಲು ಕೊಡಬಹುದೇ ಎಂದು ಕೇಳಿದ್ದಕ್ಕೆ ಅಲ್ಲಿಯ ಕಾಪಿರೈಟ್ ಕಚೇರಿ 2024ರ ಅಕ್ಟೋಬರ್‌ನಲ್ಲಿ ಆಗದು ಎಂದಿತು. ಕಂಪನಿ ಮಾರುವುದಿಲ್ಲ, ಗ್ರಂಥಾಲಯ ಕೊಡುವಂತಿಲ್ಲ. ಉಳಿದವರು ಯಾರು? ಮನೆಯಲ್ಲಿ ಡಬ್ಬಿ ಇಟ್ಟುಕೊಂಡವರು.

ಹಂಗಂತ ಹಳೆಯ ಡಿಸ್ಕ್ ತಂದರೆ ಎಲ್ಲ ಸುಸೂತ್ರ ಎನ್ನುವಂತಿಲ್ಲ. ಅಮೆರಿಕದ ಡಿಸ್ಕ್ ಅಮೆರಿಕದ ಯಂತ್ರದಲ್ಲೇ ನಡೆಯುತ್ತದೆ, ಜಪಾನಿನದ್ದು ಜಪಾನಿನದರಲ್ಲಿ. ಮೊದಲ ಪ್ಲೇಸ್ಟೇಷನ್ ಯಂತ್ರಗಳ ಲೇಸರ್ ಕೂರುವ ಪ್ಲಾಸ್ಟಿಕ್ ಭಾಗ ಸವೆದು, ಯಂತ್ರವನ್ನು ಬೋರಲು ಹಾಕಿ ಆಡುವವರೂ ಇದ್ದರು. ‘ಟ್ಯಾಕ್ಟಿಕ್ಸ್ ಓಗರ್’ನ 1995ರ ಕ್ಯಾಸೆಟ್ಟಿನಲ್ಲಿ ಆಟ ಉಳಿಸಿಡಲು ಒಂದು ಪುಟ್ಟ ಬ್ಯಾಟರಿ ಇದೆ, ಅದು ಸತ್ತರೆ ಬೆಸುಗೆ ಬಿಚ್ಚಿ ಬದಲಿಸಬೇಕು. ಪ್ಲೇಸ್ಟೇಷನ್ನಿನ ಮೆಮೊರಿ ಕಾರ್ಡಿಗೆ ಆ ರಗಳೆಯಿಲ್ಲ. ಆದರೆ ಅದರಲ್ಲಿ ಇರುವುದೇ 15 ಖಾನೆ.

ಹೊಸದಾಗಿ ಈ ಆಟ ಹಿಡಿಯುವವರಿಗೆ 2025ರ ಆವೃತ್ತಿಯೇ ಅನುಕೂಲ. ತಾನಾಗಿಯೇ ಆಟ ಉಳಿಸಿಕೊಳ್ಳುವ ಸೌಲಭ್ಯ ಅದರಲ್ಲಿ ಇದೆ. ಹಳೆಯ ಡಿಸ್ಕಿನಲ್ಲೇ ಆಡುತ್ತೇವೆ ಎನ್ನುವವರು ‘ರಿಯೋವೇನ್ಸ್’ ಕೋಟೆಯ ಬಾಗಿಲಿಗೆ ಬಂದಾಗ ಹುಷಾರಾಗಿರಬೇಕು. ಅಲ್ಲಿ ಒಂದರ ಹಿಂದೊಂದು ಮೂರು ಕಾಳಗ, ನಡುವೆ ಹೊರಗೆ ಬರಲು ದಾರಿಯಿಲ್ಲ. ಎರಡನೆಯದರಲ್ಲಿ ರಾಮ್ಜಾ ಒಬ್ಬನೇ ವೀಗ್ರಾಫ್ ಎಂಬ ಬಲಶಾಲಿ ಸರದಾರನ ಎದುರು ನಿಲ್ಲಬೇಕು. ಸಿಪಾಯಿಗಳನ್ನೆಲ್ಲ ಬೆಳೆಸಿ ರಾಮ್ಜಾನನ್ನು ಕಡೆಗಣಿಸಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಕೋಟೆಯ ಒಳಗೆ ಅದೇ ಒಂದು ಖಾನೆಯಲ್ಲಿ ಆಟ ಉಳಿಸಿದ್ದರೆ ಮುಂದೆ ಹೋಗಲಾಗದು, ಹಿಂದೆ ಬರಲಾಗದು. ನಲವತ್ತು ತಾಸಿನ ಆಟವನ್ನು ಮೊದಲಿನಿಂದ ಶುರು ಮಾಡಬೇಕು. ಕೋಟೆ ಹೊಗುವ ಮುಂಚೆ ಮೆಮೊರಿ ಕಾರ್ಡಿನ ಇನ್ನೊಂದು ಖಾನೆಯಲ್ಲಿ ಒಂದು ಪ್ರತಿ ಇಟ್ಟುಕೊಳ್ಳುವುದು ಮೇಲು.